ಏಳನೇ ಪಿನ್ನು

ಮದುವೆಯಾದ ಹನ್ನೊಂದು ವರ್ಷಗಳಲ್ಲಿ, ಸೈನ್ಯದಿಂದ ರಜೆಗೆ ಬಂದ ಮಹಮ್ಮದಹನೀಫ ತನ್ನ ಬಟ್ಟೆ ತಾನೇ ತೊಳೆದುಕೊಳ್ಳುತ್ತೇನೆ ಎಂದದ್ದು ಇದೇ ಮೊದಲು. ಸೋಮವಾರ ಸಂಜೆ ಇಂಡಿ ರೋಡ್ ಸ್ಟೇಷನ್ನಿನಲ್ಲಿಳಿದು ಮನೆಗೆ ಬಂದವನು ಟ್ರಂಕನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳುತ್ತ, "ಡಾಂಗ್ರಿ ಮುಟ್ಟಬ್ಯಾಡ ಫರಹತ. ಎಣ್ಣಿ ಭಾಳ ಹತ್ತೇತಿ. ನಾನ ತೊಳಕೋತೇನಿ," ಎಂದಿದ್ದ. ನಗುತ್ತಲೇ ಹೇಳಿದ್ದ. ಅವನು ಏನು ಹೇಳಿದರೂ ನಗುತ್ತಲೇ ಹೇಳುವವನು. ಆದರೂ ಫರಹತಳ ಕಣ್ಣು ಆಗಲೇ ಟ್ರಂಕಿನ ಮೇಲೆ ನಿಂತಿತು.

ಮಂಗಳವಾರವಿಡೀ ಅವನು ಅದನ್ನು ತೊಳೆಯಲಿಲ್ಲ. ಬುಧವಾರ ಬೆಳಿಗ್ಗೆ ಅವನು ಬಾಗಿಲ ಕಟ್ಟೆಯ ಮೇಲೆ ಪಕ್ಕದ ಮನೆಯ ಜುಲ್ಫಿಕರನ ಜೊತೆ ಚಹಾ ಕುಡಿಯುತ್ತ ಕೂತಿದ್ದಾಗ ಫರಹತ ಟ್ರಂಕು ಎಳೆದಳು. ಕೆಲಸದ ವೇಳೆ ಮೈತುಂಬ ತೊಡುವ ಡಾಂಗ್ರಿ ಎಲ್ಲಕ್ಕಿಂತ ಕೆಳಗೆ, ಮಡಚಿ, ಎರಡು ಟಾವೆಲ್ಲುಗಳ ಅಡಿಯಲ್ಲಿತ್ತು. ಹೊರಗಿನಿಂದ ಅವನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ನಮ್ಮ ಹೆಲಿಕಾಪ್ಟರಿನ ಮೂಗಿನ ಬುಡಕ ಒಂದ ಗನ್ನ ಐತಿ, ಜುಲ್ಫಿಕರ. ಪೈಲಟ್ ಹೆಲ್ಮೆಟ್ ಹಾಕ್ಕೊಂಡು ಎತ್ತ ನೋಡ್ತಾನ, ಅದೂ ಅತ್ತ ಹೊಳ್ಳತೈತಿ. ಒಂದಿನ ಕೆಳಗ ನಿಲ್ಲಿಸಿ ಅದನ್ನ ಚೆಕ್ ಮಾಡಾಕತ್ತಿದ್ವಿ. ಒಳಗ ಗುಂಡಿಲ್ಲ ಏನಿಲ್ಲ. ಅಷ್ಟರಾಗ ನಮ್ಮ ಅಡಗಿಯವ ಚಾದ ಕೆಟ್ಲಿ ಹಿಡಕೊಂಡು ಬಂದ. ಪೈಲಟ್‌ಗ ಚಾದ ಮ್ಯಾಲ ಆಸೆ, ಕೆಟ್ಲೀನ ನೋಡ್ದ. ಗನ್ನೂ ನೋಡ್ತು."

ಫರಹತ ಡಾಂಗ್ರಿಯನ್ನು ಬಿಡಿಸಿ ಕೊಡವಿದಳು. ಎಣ್ಣೆಯ ಕಲೆ ಎಲ್ಲೂ ಹೆಚ್ಚಿರಲಿಲ್ಲ. ಬಲಗಾಲಿನ ತೊಡೆಯ ಮೇಲಿನ ದೊಡ್ಡ ಜೇಬು ಮಾತ್ರ ತುಸು ಭಾರವಾಗಿತ್ತು.

"ಅಡಗಿಯವ ಎಡಕ ಸರದ. ಗನ್ನ ಎಡಕ ಬಂತು. ಬಲಕ ಸರದ. ಬಲಕ ಬಂತು. ಪಾಪ, ಕೆಟ್ಲಿ ಕೆಳಗಿಟ್ಟು ಎರಡೂ ಕೈ ಮ್ಯಾಲ ಎತ್ತಿ ನಿಂತ, 'ಸಾಬ್, ಸಕ್ಕರಿ ಕಡಿಮಿ ಆಗಿದ್ರ ಹೇಳ್ರಿ, ಹಾಕ್ತೇನಿ' ಅಂತ."

ಜುಲ್ಫಿಕರ ಬಿದ್ದು ಬಿದ್ದು ನಕ್ಕ. ಫರಹತ ಜೇಬಿನ ಗುಂಡಿ ಬಿಚ್ಚಿ ಕೈ ಹಾಕಿದಳು. ಬೆರಳುದ್ದದ ಒಂದು ಉಕ್ಕಿನ ಪಿನ್ನು. ಅದರ ತುದಿಗೆ ಗೇಣುದ್ದದ ಕೆಂಪು ಪಟ್ಟಿ. ಪಟ್ಟಿಯ ಮೇಲೆ ಬಿಳಿ ದಾರದಲ್ಲಿ ಹೊಲಿದ ಅಂಕೆ: ಏಳು.

ಅವಳಿಗೆ ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ಹವಾಲ್ದಾರ್ ಹನೀಫನ ಕೆಲಸವೇ ಹೆಲಿಕಾಪ್ಟರಿಗೆ ಶಸ್ತ್ರ ತುಂಬುವುದು. ಎರಡೂ ಬದಿಯ ಗಿಡ್ಡ ರೆಕ್ಕೆಗಳ ಕೆಳಗೆ ರಾಕೆಟ್ಟಿನ ಕೊಳವೆ, ಮಿಸೈಲು, ಮೂತಿಯ ಕೆಳಗೆ ಗನ್ನು. ನೆಲದ ಮೇಲಿರುವಾಗ ಇವು ಸಿಡಿಯಬಾರದೆಂದು ಒಂದೊಂದಕ್ಕೂ ಪಿನ್ನು ಚುಚ್ಚಿರುತ್ತಾರೆ, ಒಟ್ಟು ಏಳು. ಹಾರುವ ಮುಂಚೆ ಅವನ್ನೆಲ್ಲ ಕಿತ್ತು, ಕೆಂಪು ಪಟ್ಟಿಗಳನ್ನು ತಲೆಯ ಮೇಲೆ ಎತ್ತಿ ಹಿಡಿದು ಪೈಲಟನಿಗೆ ತೋರಿಸಬೇಕು. ಪೈಲಟ್ ಎಣಿಸುತ್ತಾನೆ. ಏಳೂ ಕಂಡರೆ ಹೆಬ್ಬೆರಳು ಎತ್ತುತ್ತಾನೆ. ಮದುವೆಯಾದ ಹೊಸತರಲ್ಲಿ ಹನೀಫ ಮಾಳಿಗೆಯ ಮೇಲೆ ಅವಳ ಏಳು ರಿಬ್ಬನ್ ಹಿಡಿದು ಇದನ್ನು ಮಾಡಿ ತೋರಿಸಿದ್ದ. ಅವಳು ಎಣಿಸಿ ಹೆಬ್ಬೆರಳು ಎತ್ತಿದ್ದಳು.

ಈ ಪಿನ್ನು ಕಳೆದ ಸುದ್ದಿಯೂ ಮನೆಗೆ ಆಗಲೇ ಬಂದಿತ್ತು. ಶನಿವಾರ ಹಾರಿಹೋದ ಹೆಲಿಕಾಪ್ಟರ್ ಮಧ್ಯಾಹ್ನ ಇಳಿದಾಗ ತಿರುಗಿ ಚುಚ್ಚಲು ಚೀಲದಲ್ಲಿ ಆರೇ ಪಿನ್ನು ಇದ್ದವು. ಏಳನೆಯದು ಯಂತ್ರದೊಳಗೆ ಎಲ್ಲಾದರೂ ಸಿಕ್ಕಿಕೊಂಡಿದ್ದರೆ ಮುಂದಿನ ಸಲ ಹಾರಿದಾಗ ಹೆಲಿಕಾಪ್ಟರೇ ಕೆಳಗೆ ಬೀಳಬಹುದು. ಅದಕ್ಕಾಗಿ ಹೆಲಿಕಾಪ್ಟರನ್ನು ಬಿಚ್ಚಿ ಹುಡುಕುತ್ತಿದ್ದರು. ರಿಜಿಸ್ಟರಿನಲ್ಲಿ ಸಹಿ ಮಾಡಿದ್ದವನು ಹನೀಫನ ಕೈಕೆಳಗಿನ ಅಮಿತ, ಬಸವನ ಬಾಗೇವಾಡಿ ತಾಲ್ಲೂಕಿನ ಹೂವಿನ ಹಿಪ್ಪರಗಿಯವನು. ಅವನ ಮೇಲೆ ವಿಚಾರಣೆ ಕೂತಿತ್ತು, ಅದು ಮುಗಿಯುವವರೆಗೆ ರಜೆಯಿಲ್ಲ. ಅವನ ತಂಗಿ ಶೈಲಶ್ರೀಯ ಮದುವೆಗೆ ಉಳಿದದ್ದು ಒಂಬತ್ತು ದಿನ. ಸೋಮವಾರ ಊಟಕ್ಕೆ ಕೂತಾಗ ಹನೀಫ, ರೈಲಿನಲ್ಲಿದ್ದಾಗ ಫೋನಿನಲ್ಲಿ ಕೇಳಿದ ಇದನ್ನೂ ಒಂದು ತಮಾಷೆಯ ಕತೆ ಮಾಡಿ ಹೇಳಿದ್ದ.

ಫರಹತ ಡಾಂಗ್ರಿಯನ್ನು ಮೊದಲಿದ್ದ ಹಾಗೆಯೇ ಮಡಚಿಟ್ಟಳು. ಪಿನ್ನನ್ನು ಕರ್ಚೀಫಿನಲ್ಲಿ ಸುತ್ತಿ ತನ್ನ ಚೀಲದ ಒಳಜೇಬಿಗೆ ಹಾಕಿ ಝಿಪ್ ಎಳೆದಳು. ಅವನಿಗೆ ಇದು ಗೊತ್ತಿದೆಯೋ ಇಲ್ಲವೋ? ಗೊತ್ತಿಲ್ಲದಿದ್ದರೆ ಡಾಂಗ್ರಿ ಮುಟ್ಟಬೇಡ ಅಂದದ್ದೇಕೆ? ಗೊತ್ತಿದ್ದರೆ ಮೂರು ದಿನದಿಂದ ಅವಳ ಎದುರು ಕೂತು ಉಣ್ಣುತ್ತಿರುವವನು ಯಾರು?

ಹತ್ತು ಗಂಟೆಗೆ ಇಬ್ಬರೂ ಹೂವಿನ ಹಿಪ್ಪರಗಿಗೆ ಹೊರಟರು. ಅಮಿತ ತಂಗಿಗೆಂದು ಕೊಂಡಿಟ್ಟಿದ್ದ ಸೀರೆಯನ್ನು ಹನೀಫನ ಕೈಯಲ್ಲಿ ಕಳಿಸಿದ್ದ. ಅವನ ತಾಯಿತಂದೆಗೆ ಧೈರ್ಯ ಹೇಳುವುದೂ ಇತ್ತು.

ಬಸ್ಸಿನಲ್ಲಿ ಹನೀಫ ಕಂಡಕ್ಟರನಿಗೆ ಎರಡು ಕತೆ ಹೇಳಿ ಮುಗಿಸಿದ. ಕಂಡಕ್ಟರ್ ಹಿಂದಿನ ಸೀಟಿಗೆ ಹೋದ ಮೇಲೆ ಅವನ ಮೊಣಕಾಲು ಕುಣಿಯತೊಡಗಿತು. ಮೊದಲೆಂದೂ ಹಾಗೆ ಕುಣಿಯುತ್ತಿರಲಿಲ್ಲ. ಕಿಟಕಿಯಾಚೆ ತೊಗರಿ ಕೊಯ್ದ ಹೊಲಗಳು ಬೋಳಾಗಿ ಬಿದ್ದಿದ್ದವು, ಮಧ್ಯೆ ಮಧ್ಯೆ ತೆನೆ ತೂಗುವ ಬಿಳಿಜೋಳ. ಕೇಳಬೇಕಾದ ಮಾತನ್ನು ಫರಹತ ನಾಲ್ಕು ಸಲ ಮನಸ್ಸಿನಲ್ಲೇ ಜೋಡಿಸಿದಳು. ತಾನು ಕೆಲಸ ಮಾಡುವ ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕ ಕಳೆದುಕೊಂಡ ಹುಡುಗಿಯರನ್ನು ಕೇಳುವಾಗಲೂ ಅವಳು ಹೀಗೆಯೇ. ಮೊದಲ ಪ್ರಶ್ನೆ ಗದರಿದಂತಾದರೆ ಎರಡನೆಯದಕ್ಕೆ ನಿಜ ಬರುವುದಿಲ್ಲ.

"ಅವತ್ತ ಪಿನ್ನ ತಗದಾವರು ಯಾರ್ರಿ?"

"ಅಮಿತ. ಸಹಿ ಮಾಡಾವನ ತಗೀಬೇಕು, ಬ್ಯಾರೆದಾವರು ಮುಟ್ಟಂಗಿಲ್ಲ. ಯಾಕ, ನೀನೂ ವಿಚಾರಣಿ ಚಾಲೂ ಮಾಡಿದೇನು?"

"ಸುಮ್ನ ಕೇಳಿದ್ನಿ. ನೀವು ಎಲ್ಲಿದ್ರಿ ಆವಾಗ?"

"ನಾ ಟ್ರಂಕ್ ಕಟ್ಟಾಕತ್ತಿದ್ದೆ. ಮಧ್ಯಾಹ್ನ ರೈಲಿತ್ತಲ್ಲ."

ಸೋಮವಾರ ಅವನು ಹೇಳಿದ್ದು ಬೇರೆ. ಬಲಗಡೆಯ ರೆಕ್ಕೆಯ ಹತ್ತಿರ ನಿಂತಿದ್ದೆ, ಪಂಖದ ಗಾಳಿಗೆ ಎದ್ದ ಧೂಳು ಅರ್ಧ ಸೇರು ಹೊಟ್ಟೆಗೆ ಹೋಯಿತು, ರೈಲಿನಲ್ಲಿ ಊಟವೇ ಬೇಕಾಗಲಿಲ್ಲ ಎಂದಿದ್ದ. ಅವಳು ಅದನ್ನು ನೆನಪಿಸಲಿಲ್ಲ. ಅವನ ಮುಖವನ್ನೇ ನೋಡುತ್ತ ಕೂತಳು.

ಸ್ವಲ್ಪ ಹೊತ್ತಿಗೆ ಅವನೇ ಅಂದ: "ನಿನ್ನ ಕಣ್ಣು ನಮ್ಮ ಗನ್ನಿನಂಗ ಅದಾವ ನೋಡು. ನಾ ಎತ್ತ ಸರದ್ರ ಅತ್ತ ಹೊಳ್ಳತಾವ."

"ಒಳಗ ಗುಂಡಿಲ್ಲಲ್ಲ, ಅಂಜಿಕಿ ಯಾಕ?" ಎಂದಳು.

ಅವನು ನಕ್ಕ. ಮೊಣಕಾಲು ನಿಲ್ಲಲಿಲ್ಲ.

ದೇವರ ಹಿಪ್ಪರಗಿಯಲ್ಲಿ ಬಸ್ಸು ಬದಲಿಸಿದರು. ಸ್ಟ್ಯಾಂಡಿನಲ್ಲಿ ಕಬ್ಬಿನಹಾಲು ಕುಡಿಯುವಾಗ ಹೇಳಿಬಿಡಬೇಕು ಅಂದುಕೊಂಡಳು. ಅಷ್ಟರಲ್ಲಿ ಸಿಂದಗಿಯ ಯಾರೋ ಪರಿಚಯದವರು ಸಿಕ್ಕು ಅವನ ಹೆಗಲ ಮೇಲೆ ಕೈ ಹಾಕಿ, ನಾಯಬ್ ಸುಬೇದಾರ್ ಆಗುವುದು ಯಾವಾಗ ಎಂದು ಕೇಳಿದರು. "ಮುಂದಿನ ತಿಂಗಳ ಲಿಸ್ಟಿನ್ಯಾಗ ಹೆಸರೈತಿ, ದುವಾ ಮಾಡ್ರಿ," ಎಂದ ಹನೀಫ. ಫರಹತ ಚೀಲವನ್ನು ಎದೆಗೆ ಒತ್ತಿ ಹಿಡಿದಳು. ಹದಿನಾರು ವರ್ಷ ಅವನು ಕಾದದ್ದು ಆ ಲಿಸ್ಟಿಗಾಗಿ. ಅವಳೂ ಕಾದಿದ್ದಳು.

ಅಮಿತನ ಮನೆಯ ಪಡಸಾಲೆಯಲ್ಲಿ ಮದುವೆಯ ಶಾವಿಗೆ ಹರವಿದ್ದರು. ಅವನ ತಾಯಿ ಗುರವ್ವ ಫರಹತಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂಡಿಸಿದಳು. ತಂದೆ ಶ್ರೀಶೈಲಪ್ಪ ಹನೀಫನಿಗೆ ತಾನು ಕೂತಿದ್ದ ಕುರ್ಚಿಯನ್ನೇ ಬಿಟ್ಟುಕೊಟ್ಟ. ಹನೀಫ ನಾಲ್ಕು ವರ್ಷದಿಂದ ಆ ಮನೆಗೆ ಬರುತ್ತಿದ್ದ. ರಜೆಯಲ್ಲಿ ಅವನು ಬಂದನೆಂದರೆ ಆ ಮನೆಯವರಿಗೆ ಮಗನೇ ಅರ್ಧ ಬಂದ ಹಾಗೆ.

ಚಹಾ ಬರುವ ಮೊದಲೇ ಶೈಲಶ್ರೀ, "ಅಣ್ಣಾ, ರೊಟ್ಟಿ ಕತಿ ಹೇಳ್ರಿ, ಫರಹತಕ್ಕ ಕೇಳಿಲ್ಲ," ಎಂದಳು. ಫರಹತ ಕೇಳಿದ್ದಳು. ಆದರೂ ಹನೀಫ ಹೇಳಿದ.

"ನಾನೂ ಅಮಿತಾನೂ ಒಂದಿನ ಬೆಳಕ ಹರಿಯಾಕ ರೊಟ್ಟಿ ಬಡಿಯಾಕ ಕುಂತ್ವಿ. ಜ್ವಾಳದ ಹಿಟ್ಟ ಗುರವ್ವಾಯಿ ಕಳಿಸಿದ್ದು. ಬಡಿಯಾಕ ಹಲಗಿ ಇಲ್ಲ, ಖಾಲಿ ರಾಕೆಟ್ ಪೆಟ್ಟಿಗಿ ಮುಚ್ಚಳ ಹೊಳ್ಳಾಡಿಸಿ ಹಾಕಿದ್ವಿ. ಅಮಿತ ಬಡದ ನೋಡ್ರಿ, ಥಪ್ ಥಪ್ ಥಪ್ ಥಪ್. ಡೇರೇದಾಗ ನಮ್ಮ ಸುಬೇದಾರ್ ಸಾಹೇಬ್ರು ಮಲಗಿದ್ರು. ಹೆಲಿಕಾಪ್ಟರ್ ಇಳ್ಯಾಕತ್ತೇತಿ ಅಂತ ಎದ್ದು, ಚಡ್ಡಿ ಮ್ಯಾಲ ಹೆಲ್ಮೆಟ್ ಹಾಕ್ಕೊಂಡು, ಎರಡೂ ಕೈಯಾಗ ಬ್ಯಾಟರಿ ಹಿಡಕೊಂಡು ದಾರಿ ತೋರಸಾಕ ಓಡಿ ಹೋದ್ರು. ಆಕಾಶದಾಗ ಒಂದ ಕಾಗಿ ಸೈತ ಇಲ್ಲ."

"ಆಮ್ಯಾಲ?" ಶೈಲಶ್ರೀ ಆಗಲೇ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ಆಮ್ಯಾಲ ಏನ, ನಾಕ ರೊಟ್ಟಿ ತಿಂದ್ರು. 'ಇದು ಯಾವ ಮಾಡಲ್ ಹೆಲಿಕಾಪ್ಟರಪಾ, ಭಾಳ ಬೆರಕಿ ಐತಿ' ಅಂದ್ರು."

ಎಲ್ಲರೂ ನಕ್ಕರು. ಶ್ರೀಶೈಲಪ್ಪ ಮಾತ್ರ ನಗುವ ಮುಖ ಮಾಡಿ ನಿಲ್ಲಿಸಿದ. ಚಹಾದ ಬಟ್ಟಲನ್ನು ಕೆಳಗಿಟ್ಟು ಕೇಳಿದ: "ಹನೀಫ, ನೀ ನಗಸಾಕ ಬಂದೀ, ನಮಗೂ ಸಮಾಧಾನ ಆತು. ಆದ್ರ ಖರೇ ಹೇಳು. ನಿನ್ನಿ ಮುದ್ದೇಬಿಹಾಳದ ಬೀಗರು ಫೋನ್ ಮಾಡಿದ್ರು. ಹುಡುಗಿ ಅಣ್ಣ ಮದುವಿಗೆ ಬರಂಗಿಲ್ಲಂತ, ಮಿಲ್ಟ್ರಿಯಾಗ ಏನೋ ಕದ್ದು ಸಿಕ್ಕೊಂಡಾನಂತ ಹೌದೇನು ಅಂದ್ರು. ನಾ ಏನ ಹೇಳ್ಲಿ?"

"ಕದಿಯೂದೇನ್ ಬಂತ್ರಿ ಕಾಕಾ. ಒಂದು ಪಿನ್ನು. ಬೆರಳಷ್ಟು ಐತಿ." ಹನೀಫ ಬೆರಳು ತೋರಿಸಿದ. "ಅದನ್ನ ಹುಡುಕೂದು ನೋಡಬೇಕಿತ್ತು ನೀವು. ನಲವತ್ತು ಮಂದಿ ಸಾಲಾಗಿ ಕುಂತು ಹುಲ್ಲು ಸರಿಸಿ ಸರಿಸಿ ನೋಡೂದು. ಕರ್ನಲ್ ಸಾಹೇಬ್ರು ಸೈತ ಮೊಣಕಾಲ ಮ್ಯಾಲ. ಅವರ ಚಷ್ಮಾ ಹುಲ್ಲಿನಾಗ ಬಿತ್ತು. ಈಗ ಇಪ್ಪತ್ತು ಮಂದಿ ಪಿನ್ನ ಹುಡುಕೂದು, ಇಪ್ಪತ್ತು ಮಂದಿ ಚಷ್ಮಾ ಹುಡುಕೂದು."

ಶೈಲಶ್ರೀ ನಕ್ಕಳು. ಗುರವ್ವ ಶಾವಿಗೆಯ ಮೇಲೆ ಕೂತ ನೊಣ ಓಡಿಸುತ್ತ, "ನೀನೂ ಹುಡುಕಿದ್ಯಾ ಯಪ್ಪಾ?" ಎಂದಳು.

"ಇಲ್ರಿ ಆಯಿ. ನಾ ರೈಲಿನ್ಯಾಗಿದ್ದೆ."

"ಮತ್ತ ಚಷ್ಮಾ ಬಿದ್ದದ್ದು ನಿನಗ ಹೆಂಗ ಗೊತ್ತಾತು?"

ಮುದುಕಿ ಸುಮ್ಮನೆ ಕೇಳಿದ್ದಳು, ಮಾತಿನಲ್ಲಿ ಯಾವ ಕೊಂಕೂ ಇರಲಿಲ್ಲ. ಯಾರೋ ಹೇಳಿದರು ಎಂದು ಹನೀಫ ಗೊಣಗಿದ.

"ನಮ್ಮಣ್ಣ ನಿನ್ನಿ ಫೋನ್ ಮಾಡಿದ್ದ," ಎಂದಳು ಶೈಲಶ್ರೀ. ಅವಳ ನಗು ಇಳಿದಿತ್ತು. "ಏಳೂ ಪಿನ್ನ ನಾನ ತಗದೇನಿ, ಬ್ಯಾರೆ ಯಾರೂ ಕೈ ಹಚ್ಚಿಲ್ಲ ಅಂತ ಬರದು ಸಹಿ ಮಾಡಿ ಕೊಟ್ಟೇನಿ ಅಂದ. ಹಂಗ್ಯಾಕ ಬರದಿ, ಖರೇನ ನೀನ ಕಳದಿಯೇನು ಅಂತ ಕೇಳಿದ್ನಿ. ಫೋನ್ ಇಟ್ಟಬಿಟ್ಟ."

ಫರಹತ ಗಂಡನನ್ನು ನೋಡುತ್ತಿದ್ದಳು. ಕುಣಿಯುತ್ತಿದ್ದ ಮೊಣಕಾಲು ಒಮ್ಮೆಲೇ ನಿಂತಿತು. ಮುಖದ ಮೇಲೆ ನಗು ಇನ್ನೂ ಇತ್ತು, ಆದರೆ ಅದನ್ನು ಅಲ್ಲಿಂದ ತೆಗೆಯುವುದು ಅವನಿಗೆ ಮರೆತುಹೋಗಿತ್ತು. ಅಮಿತ ಹಾಗೆ ಬರೆದುಕೊಟ್ಟದ್ದು ಅವನಿಗೆ ಗೊತ್ತಿರಲಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು. ಉಳಿದದ್ದು ಗೊತ್ತಿತ್ತು ಎಂಬುದೂ ತಿಳಿಯಿತು.

ಅವಳು ಎದ್ದು, "ಸ್ವಲ್ಪ ಹಿತ್ತಲಕ ಬರ್ರಿ. ಒಂದು ಮಾತೈತಿ," ಎಂದಳು.

ಹಿತ್ತಲಲ್ಲಿ ಜೋಳದ ದಂಟಿನ, ಕಣಕಿಯ ಬಣವೆ, ಒಂದು ಬೇವಿನ ಗಿಡ. ಬಣವೆಯ ನೆರಳಿಗೆ ಹೋಗಿ ಫರಹತ ಚೀಲದ ಝಿಪ್ ಎಳೆದು ಕರ್ಚೀಫು ಬಿಚ್ಚಿದಳು. ಹನೀಫ ಪಿನ್ನನ್ನು ನೋಡಿದ. ಎಲ್ಲಿ ಸಿಕ್ಕಿತೆಂದು ಕೇಳಲಿಲ್ಲ.

"ಡಾಂಗ್ರಿ ಮುಟ್ಟಬ್ಯಾಡ ಅಂದಿದ್ನಿ," ಎಂದಷ್ಟೇ ಹೇಳಿದ.

"ಗೊತ್ತಿತ್ತೇನ್ರಿ ನಿಮಗ?"

"ಇಲ್ಲ." ಆಮೇಲೆ ಪಟ್ಟಿಯ ಅಂಕೆ ನೋಡುತ್ತ, "ಜೇಬಿನ್ಯಾಗ ಕೈ ಹಾಕಿ ನೋಡಿಲ್ಲ. ನೋಡಿದ್ರ ಸಿಗತೈತಿ ಅಂತ ಅನಸ್ತು. ಅದಕ್ಕ ಹಾಕಲಿಲ್ಲ."

ನಂತರ ಅವನು ಹೇಳಿದ ಕತೆಯಲ್ಲಿ ನಗುವಂಥದ್ದೇನೂ ಇರಲಿಲ್ಲ. ಹೆಲಿಕಾಪ್ಟರಿನ ಪಂಖ ತಿರುಗುತ್ತಿತ್ತು, ಧೂಳಿಗೆ ಕಣ್ಣು ಬಿಡಲು ಆಗುತ್ತಿರಲಿಲ್ಲ. ಅಮಿತ ಎಡಗಡೆಯ ರೆಕ್ಕೆಯದ್ದೂ ಮೂತಿಯದ್ದೂ ಸೇರಿ ಆರು ಪಿನ್ನು ತೆಗೆದಿದ್ದ. ಬಲಗಡೆಯದೊಂದು ಉಳಿದಿತ್ತು. ಹನೀಫನನ್ನು ಸ್ಟೇಷನ್ನಿಗೆ ಬಿಡಬೇಕಾದ ಜೀಪು ಹಾರ್ನ್ ಹೊಡೆಯುತ್ತಿತ್ತು. ಅಮಿತ ಅತ್ತಿಂದ ಇತ್ತ ಸುತ್ತಿ ಬರುವವರೆಗೆ ಏಕೆ ಕಾಯಬೇಕೆಂದು ಇವನೇ ಕಿತ್ತ. ಅಮಿತ ಆರು ಪಟ್ಟಿ ಎತ್ತಿ ಹಿಡಿದ, ಇವನು ಒಂದು. ಪೈಲಟ್ ಏಳು ಎಣಿಸಿ ಹೆಬ್ಬೆರಳು ಎತ್ತಿದ. ಲೆಕ್ಕ ಸರಿಯಾಗಿಯೇ ಇತ್ತು. ಚೀಲಕ್ಕೆ ಹಾಕಲು ಕೊಡಬೇಕಾದ ಪಿನ್ನನ್ನು ಇವನು ಮರೆತು ಡಾಂಗ್ರಿಯ ಜೇಬಿಗಿಳಿಸಿ ಜೀಪಿನ ಕಡೆ ಓಡಿದ, ರೈಲಿನಲ್ಲಿ ಬಟ್ಟೆ ಬದಲಿಸಿ ಡಾಂಗ್ರಿಯನ್ನು ಹಾಗೆಯೇ ಟ್ರಂಕಿನ ತಳಕ್ಕೆ ಹಾಕಿದ.

"ಅವ ನನ್ನ ಹೆಸರ ಹೇಳ್ತಾನ ಅಂತ ಕಾಯಾಕತ್ತಿದ್ನಿ ಫರಹತ. ದಿನಾ ಫೋನ್ ನೋಡೂದು, ಇವತ್ತ ಬರತೈತಿ, ನಾಳೆ ಬರತೈತಿ ಅಂತ. ಬಂದಿದ್ರ ಜೇಬು ನೋಡತಿದ್ನಿ." ಅವನು ಬಣವೆಗೆ ಒರಗಿದ. "ಅವ ನನಗ ಲಿಸ್ಟ್ ತಪ್ಪತೈತಿ ಅಂತ ಬರದುಕೊಟ್ಟಾನ. ಆ ಮಗ."

ಅವನು ಮುಂದುವರಿಸಿದ. ರಜೆ ಮುಗಿಸಿ ಹೋದ ಮೇಲೆ ಪಿನ್ನನ್ನು ಹುಲ್ಲಿನಲ್ಲಿ ಒಂದು ಕಡೆ ಹಾಕಿದರೆ ಯಾರಿಗಾದರೂ ಸಿಗುತ್ತದೆ, ಅಮಿತನೂ ಉಳಿಯುತ್ತಾನೆ, ಲಿಸ್ಟೂ ಉಳಿಯುತ್ತದೆ. ಹೇಳುತ್ತ ಹೇಳುತ್ತ ಅವನ ದನಿಯೇ ಅದನ್ನು ನಂಬುವುದನ್ನು ಬಿಟ್ಟಿತು.

"ನಿಮ್ಮ ರಜಾ ಮುಗ್ಯಾಕ ಇನ್ನ ಇಪ್ಪತ್ತಾರು ದಿನ ಐತಿ," ಎಂದಳು ಫರಹತ. "ಶೈಲಶ್ರೀ ಮದುವಿ ಒಂಬತ್ತು ದಿನಕ್ಕ."

ಅವಳಿಗೆ ಇನ್ನೂ ಹೇಳುವುದಿತ್ತು. ಆ ಲಿಸ್ಟು ತನಗೂ ಬೇಕಾಗಿತ್ತು ಎಂದು, ಬೆಳಿಗ್ಗೆ ಕರ್ಚೀಫಿನಲ್ಲಿ ಸುತ್ತುವಾಗ ದಾರಿಯ ಯಾವುದಾದರೂ ಬಾವಿಗೆ ಎಸೆದುಬಿಡುವ ಯೋಚನೆ ತನಗೂ ಬಂದಿತ್ತು ಎಂದು. ಯಾವ ಮಾತು ಮೊದಲು, ಯಾವುದು ಆಮೇಲೆ ಎಂದು ಜೋಡಿಸುವಷ್ಟರಲ್ಲಿ ಅವಳ ಕೈಯೇ ಮೇಲೆ ಹೋಯಿತು. ಕೆಂಪು ಪಟ್ಟಿಯ ತುದಿ ಹಿಡಿದು ಅವಳು ಪಿನ್ನನ್ನು ತಲೆಯ ಮೇಲೆ ಎತ್ತಿದಳು. ಗಾಳಿಗೆ ಪಟ್ಟಿ ತುಸು ಅಲುಗಿತು. ಎತ್ತಿದ ಕೈಯನ್ನು ಇಳಿಸದೆ ನಿಂತಳು.

ಹನೀಫ ಅದನ್ನು ಬಹಳ ಹೊತ್ತು ನೋಡಿದ. ಬೇವಿನ ಗಿಡದಲ್ಲಿ ಅಳಿಲೊಂದು ಚಿಟಿಚಿಟಿ ಎನ್ನುತ್ತಿತ್ತು. ಒಳಗೆ ಯಾರೋ ಪಾತ್ರೆ ಬೀಳಿಸಿದರು. ಅವಳ ತೋಳು ನೋಯತೊಡಗಿತು.

ಅವನು ಹೆಬ್ಬೆರಳು ಎತ್ತಲಿಲ್ಲ. ಜೇಬಿನಿಂದ ಫೋನ್ ತೆಗೆದ.

ಹಿಂದಿಯಲ್ಲಿ ಮಾತು ಶುರುವಾಯಿತು. ಆಚೆಯಿಂದ ಸುಬೇದಾರರು ಏನೋ ತಮಾಷೆ ಮಾಡಿದರೆಂದು ತೋರುತ್ತದೆ, ಹನೀಫನೂ ರೂಢಿಯಂತೆ ನಗಲು ಹೋಗಿ ಗಂಟಲು ಸರಿಮಾಡಿಕೊಂಡ. ಏಳನೇ ನಂಬರು ನನ್ನ ಹತ್ತಿರ ಇದೆ ಎಂದ. ನಾನೇ ಕಿತ್ತದ್ದು, ಅಮಿತ ಅಲ್ಲ ಎಂದ. ಆಮೇಲೆ ಎಷ್ಟೋ ಹೊತ್ತು "ಹೌದು ಸಾಬ್," "ಇಲ್ಲ ಸಾಬ್" ಬಿಟ್ಟು ಬೇರೆ ಮಾತಿರಲಿಲ್ಲ. ಕೊನೆಗೆ ನೆಟ್ಟಗೆ ನಿಂತು, ಎದುರಿಗೆ ಯಾರೋ ಇದ್ದಾರೇನೋ ಎಂಬಂತೆ ಹಿಮ್ಮಡಿ ಕೂಡಿಸಿ, ಫೋನ್ ಇಳಿಸಿದ.

"ಇವತ್ತಿನ ರೈಲಿಗೇ ಬಾ ಅಂದ್ರು. ಪಿನ್ನ ತಂದು ಕೈಯಾಗ ಕೊಟ್ಟ ಮ್ಯಾಲ ಅಮಿತನ್ನ ಬಿಡ್ತಾರಂತ."

"ನಿಮ್ಮನ್ನ?"

"ಅದನ್ನ ಹೇಳಲಿಲ್ಲ."

ಒಳಗೆ ಹೋಗಿ ಅವನು ಕುರ್ಚಿಯಲ್ಲಿ ಕೂರಲಿಲ್ಲ, ಶ್ರೀಶೈಲಪ್ಪನ ಎದುರು ನೆಲದ ಮೇಲೆ ಕೂತ. "ಕಾಕಾ, ಇನ್ನೊಂದು ಹೇಳೂದೈತಿ," ಎಂದಾಗ ಶೈಲಶ್ರೀ ಮತ್ತೊಂದು ಕತೆ ಬಂತೆಂದು ಮುಂದಕ್ಕೆ ಸರಿದು ಕೂತಳು. ಪಿನ್ನನ್ನು ನೆಲದ ಮೇಲಿಟ್ಟಾಗಲೂ ಅವಳ ತುಟಿಯ ಮೇಲೆ ನಗು ಇತ್ತು. ಅವನು ಹೇಳುತ್ತ ಹೋದ. ಅದಕ್ಕೆ ಏನನ್ನೂ ಸೇರಿಸಲಿಲ್ಲ. ಹೇಳಿ ಮುಗಿಸಿದಾಗ ಯಾರೂ ನಗುತ್ತಿರಲಿಲ್ಲ.

ಶ್ರೀಶೈಲಪ್ಪ ಪಿನ್ನನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. "ಇಷ್ಟ ಸಣ್ಣದೈತಿ," ಎಂದ. ಮತ್ತೆ ನೆಲದ ಮೇಲಿಟ್ಟು, ಎದ್ದು, ಅಂಗಳಕ್ಕೆ ಹೋಗಿ ಬೆನ್ನು ತಿರುಗಿಸಿ ನಿಂತ. ಮುದ್ದೇಬಿಹಾಳಕ್ಕೆ ಫೋನ್ ಹಚ್ಚಿದನೋ, ಸುಮ್ಮನೆ ನಿಂತನೋ ಒಳಗಿನವರಿಗೆ ಕಾಣಲಿಲ್ಲ.

ಶೈಲಶ್ರೀ ಸೀರೆಯ ಗಂಟನ್ನು ಮಡಿಲಿಗೆ ಎಳೆದುಕೊಂಡಳು. "ಹಂಗಾರ ಅಣ್ಣ ಬರ್ತಾನೇನ್ರಿ?"

"ಬರ್ತಾನವ್ವಾ. ನಾ ಮುಟ್ಟಿದ ಮಾರನೇ ದಿನ ಹೊಂಡತಾನ."

"ಮತ್ತ ನೀವು?"

ಹನೀಫ ಕೆಂಪು ಪಟ್ಟಿಯ ಸುಕ್ಕನ್ನು ಬೆರಳಿನಿಂದ ನೇರ ಮಾಡಿದ.

ಗುರವ್ವ ಎದ್ದು ಅಡುಗೆಮನೆಗೆ ಹೋದಳು. ಬುಟ್ಟಿಯಿಂದ ಗರಿಗರಿಯಾಗಿ ಒಣಗಿದ ಕಟಕ ರೊಟ್ಟಿ ತೆಗೆಯುವ ಸದ್ದು, ಡಬ್ಬಿಯ ಮುಚ್ಚಳದ ಸದ್ದು ಕೇಳಿಸಿತು. ಬಂದು ಹನೀಫನ ಪಕ್ಕದಲ್ಲಿ ಬಟ್ಟೆಯಲ್ಲಿ ಕಟ್ಟಿದ ಎರಡು ಗಂಟು ಇಟ್ಟಳು. ಅವನ ಮುಖ ನೋಡಲಿಲ್ಲ.

"ದೊಡ್ಡದು ಅಮಿತಂದು. ಬರೂಮುಂದ ರೈಲಿನ್ಯಾಗ ತಿಂತಾನ," ಎಂದಳು. ಸಣ್ಣದು ಯಾರದೆಂದು ಹೇಳಲಿಲ್ಲ.

ಫರಹತ ಪಿನ್ನನ್ನು ಮತ್ತೆ ಕರ್ಚೀಫಿನಲ್ಲಿ ಸುತ್ತಿ ಅವನ ಕೈಗೆ ಕೊಟ್ಟಳು. ಅವನು ಅದನ್ನು ಅಂಗಿಯ ಎದೆಯ ಜೇಬಿಗೆ ಹಾಕಿ, ಗುಂಡಿ ಹಾಕಿ, ಮೇಲೆ ಅಂಗೈ ಒತ್ತಿ ನೋಡಿಕೊಂಡ. ನಂತರ ಎರಡೂ ಗಂಟು ಎತ್ತಿಕೊಂಡು ಬಾಗಿಲ ಕಡೆ ನಡೆದ. ಬೆಳಗಿನಿಂದ ಅವನು ಎತ್ತ ಸರಿದರೆ ಅತ್ತ ಹೊರಳುತ್ತಿದ್ದ ಅವಳ ಕಣ್ಣುಗಳು ಈಗ ಹೊರಳಲಿಲ್ಲ. ನೆಲದ ಮೇಲೆ ಹರವಿದ ಶಾವಿಗೆಯನ್ನು ತುಳಿಯದಂತೆ ಕಾಲಿಡುತ್ತ ಅವಳು ಅವನ ಹಿಂದೆ ಹೊರಟಳು.